ಆಯಿಲ್ ಕೂಲರ್ ಬಿಚ್ಚುವ ಶೆಡ್ಡಿನೊಳಗೆ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಹಿಪ್ಪುನೇರಳೆ ತೋಟಗಳು ಮುಗಿದು ಸೈಟುಗಳು ಶುರುವಾಗುವ ಕಡೆ, ತಗಡಿನ ಒಂದು ಶೆಡ್ಡಿದೆ. ಬೋರ್ಡಿಲ್ಲ. ಎದುರಿನ ಬಯಲಲ್ಲಿ ನಿಂತ ಹಳದಿ ಯಂತ್ರಗಳೇ ಗುರುತು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಜೆಸಿಬಿಗೆ ಕೆಲಸ ತಪ್ಪುವುದಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ಇದು. ಕೆರೆಯ ಹೂಳು ಎತ್ತಬೇಕು, ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದಮೇಲೆ ಹೆಚ್ಚಿದ ಕೃಷಿ ಹೊಂಡಗಳನ್ನು ತೋಡಬೇಕು, ಕ್ರಷರ್‌ಗಳಲ್ಲಿ ಜಲ್ಲಿ ತುಂಬಬೇಕು. ಗಂಟೆ ಲೆಕ್ಕದ ಬಾಡಿಗೆಯಾದ್ದರಿಂದ ಯಂತ್ರ ಶೆಡ್ಡಿನಲ್ಲಿ ನಿಂತಷ್ಟು ಹೊತ್ತೂ ಮಾಲೀಕನಿಗೆ ನಷ್ಟವೇ.

ಒಳಗೆ ಕಾಲಿಟ್ಟರೆ ನೆಲದ ಮಣ್ಣು ಕಪ್ಪಗೆ ಗಟ್ಟಿಯಾಗಿದೆ. ಎಡಕ್ಕೆ ಏರ್ ಕಂಪ್ರೆಸರ್. ಅದರಾಚೆ ಉದ್ದುದ್ದ ಸೀಳಿದ ಅರ್ಧ ಡ್ರಮ್ಮಿನ ತುಂಬ ನೀರು. ಅದು ಯಾತಕ್ಕೆಂದು ಆಗ ನನಗೆ ಹೊಳೆಯಲಿಲ್ಲ. ನಡುವೆ, ಗೌರಿಬಿದನೂರು ಕಡೆಯ ಕೆರೆ ಕೆಲಸದಿಂದ ಬಂದ ಯಂತ್ರ ಬಕೆಟ್ಟನ್ನು ನೆಲಕ್ಕೂರಿ ನಿಂತಿತ್ತು. ಆಪರೇಟರ್ ದೂರು ಹೇಳುತ್ತಿದ್ದ: "ಬೆಳಗ್ಗೆ ಚೆನ್ನಾಗಿ ಎತ್ತುತ್ತೆ ಮೇಸ್ತ್ರಿ, ಮಧ್ಯಾಹ್ನ ಆದ್ರೆ ಕೈ ಬಿದ್ದೋಗುತ್ತೆ. ಆಯಿಲ್ ಬೇರೆ ಹಾಕ್ತಾನೇ ಇರ್ಬೇಕು."

ಮೇಸ್ತ್ರಿ ಮಾತಾಡದೆ ಮುಂದಿನ ಗ್ರಿಲ್ ತೆಗೆದರು. ರೇಡಿಯೇಟರಿನ ಮುಂದೆ, ಅದರಂತೆಯೇ ಕಾಣುವ ಇನ್ನೊಂದು ಅಲ್ಯೂಮಿನಿಯಂ ಚೌಕ. ಅದೇ ಆಯಿಲ್ ಕೂಲರ್. ಕೆಳಗಿನ ಮೂಲೆಯಲ್ಲಿ ಎಣ್ಣೆ ಜಿನುಗಿ, ಅದಕ್ಕೆ ಧೂಳು ಅಂಟಿ, ಹದವಾಗಿ ಕಲಸಿದ ರಾಗಿ ಮುದ್ದೆಯಂತೆ ಫಿನ್‌ಗಳ ಸಂದಿಯಲ್ಲೆಲ್ಲ ಕೂತಿತ್ತು. ಆಪರೇಟರ್ ಹೇಳಿದ ಎರಡು ದೂರುಗಳೂ ಒಂದೇ ಎಂದು ನನಗೆ ಗೊತ್ತಾದದ್ದು ಇಲ್ಲಿ. ಬೂಮು, ಬಕೆಟ್ಟು, ಜಾಕುಗಳನ್ನೆಲ್ಲ ತಳ್ಳಿದ ಎಣ್ಣೆ ಬಿಸಿಯಾಗಿ ಈ ಕೂಲರ್ ಹಾದು ಟ್ಯಾಂಕಿಗೆ ಮರಳುತ್ತದೆ. ಫಿನ್‌ಗಳ ನಡುವೆ ಗಾಳಿ ಆಡದಿದ್ದರೆ ಎಣ್ಣೆ ಆರುವುದಿಲ್ಲ. ಬಿಸಿಯೇರಿದಷ್ಟೂ ತೆಳ್ಳಗಾಗಿ ಪಂಪಿನೊಳಗೇ ಜಾರಿಹೋಗುತ್ತದೆ, ಕೈ ನಿಧಾನವಾಗುತ್ತದೆ. 80 ಡಿಗ್ರಿ ದಾಟಿ ಹೀಗೇ ದುಡಿಸಿದರೆ ರಬ್ಬರ್ ಸೀಲುಗಳೂ ಬೇಗ ಗಟ್ಟಿಯಾಗಿ ಬಿರಿಯುತ್ತವೆ. ಒಂದು ಮೂಲೆಯ ಜಿನುಗು ಇಡೀ ಯಂತ್ರವನ್ನು ತಿನ್ನುತ್ತದೆ.

ಎಲ್ಲಿಂದ ಜಿನುಗುತ್ತಿದೆಯೆಂದು ನೋಡಲು ನಾನು ಹೋಸ್‌ಗಳ ಕಡೆ ಬಾಗಿದೆ. "ಸಾರ್, ಕೈ ತರಬೇಡಿ ಅಲ್ಲಿಗೆ" ಎಂದರು ಮೇಸ್ತ್ರಿ. ಸಹಾಯಕ್ಕಿದ್ದ ಹುಡುಗನತ್ತ ತಿರುಗಿ, "ಏಯ್, ರಟ್ಟು ತಗೊಂಬಾರೋ." ಕೂಲರಿನ ದಾರಿಯಲ್ಲಿ ಒತ್ತಡ ಕಡಿಮೆ. ಆದರೆ ಪಕ್ಕದಲ್ಲೇ ಪಂಪಿನಿಂದ ಹೊರಡುವ ಹೋಸುಗಳಲ್ಲಿ ಅದು 200 ಬಾರ್ ಮೀರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಕೂಡಲೇ ಆಪರೇಷನ್ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಯಂತ್ರದ ಹತ್ತಿರ ಸುಳಿಯುವ ಎಲ್ಲರಿಗೂ ಇದು ಗೊತ್ತಿರಬೇಕು. ಕೈಯ ಬದಲು ರಟ್ಟು ಹಿಡಿದು ನೋಡಿದರು, ಹೋಸುಗಳು ಒಣಗಿಯೇ ಇದ್ದವು.

ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಲಿವರ್‌ಗಳನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಕಳೆದರು. ಆಮೇಲೆ ಕೂಲರಿನ ಎರಡು ಹೋಸ್ ಬಿಚ್ಚಿ ಟ್ರೇ ಹಿಡಿದರು. ತೆರೆದ ಬಾಯಿಗಳಿಗೆ ಹುಡುಗ ತಕ್ಷಣ ಮುಚ್ಚಳ ತಿರುಗಿಸಿದ. ಇಲ್ಲಿನ ಗಾಳಿಯಲ್ಲಿ ಕಲ್ಲುಪುಡಿ ಇದೆ, ಚಿಟಿಕೆಯಷ್ಟು ಒಳಗೆ ಹೋದರೂ ಪಂಪಿಗೆ ಗೀರು. ಟ್ರೇಯ ಎಣ್ಣೆ ಮೂಲೆಯ ಬ್ಯಾರೆಲ್ಲಿಗೆ ಹೋಯಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅನುಮತಿ ಪಡೆದ ಮರುಸಂಸ್ಕರಣೆ ಘಟಕಕ್ಕೆ ತಲುಪಬೇಕು. ಎಲ್ಲಿಗೆ ಹೋಗುತ್ತದೆಂದು ಕೇಳಿದೆ. "ಗಾಡಿ ಬರುತ್ತೆ" ಎಂದರು. ಯಾರ ಗಾಡಿ ಎಂಬುದು ಕೊನೆಗೂ ಸ್ಪಷ್ಟವಾಗಲಿಲ್ಲ. ಸಾವಿರ ಅಡಿ ಕೊರೆದು ನೀರು ಹುಡುಕುವ ನೆಲದಲ್ಲಿ ಈ ಪ್ರಶ್ನೆ ನನ್ನನ್ನು ಕಾಡಿತು.

ಕೂಲರನ್ನು ತೊಳೆದು, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಹದವಾಗಿ ಗಾಳಿ ಕೊಟ್ಟು ಅರ್ಧ ಡ್ರಮ್ಮಿನ ನೀರಲ್ಲಿ ಮುಳುಗಿಸಿದರು. ಗುಳ್ಳೆಗಳು ಎರಡು ಕಡೆಯಿಂದ ಎದ್ದವು: ಕೂಲರಿನದೇ ಪಕ್ಕದ ಟ್ಯಾಂಕಿನ ಬೆಸುಗೆಯಿಂದ, ಮತ್ತೆ ನಡುವಿನ ತೆಳು ಟ್ಯೂಬಿನಿಂದ. ಬೆಸುಗೆಯ ಬಿರುಕಿಗೆ ಆರ್ಗಾನ್ ವೆಲ್ಡಿಂಗ್ ಸಾಕು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆ ಪೊರೆಯನ್ನೂ ಎಣ್ಣೆಯ ಪಸೆಯನ್ನೂ ತೆಗೆಯದೆ ಬೆಸೆದರೆ ಒಳಗೆ ತೂತುಗಳಾಗಿ ಮತ್ತೆ ಸೋರುತ್ತದೆ. ನಡುವಿನ ಟ್ಯೂಬಿನದು ಬೇರೆ ಕತೆ. ಫಿನ್‌ಗಳ ನಡುವೆ ಟಾರ್ಚ್ ಹೋಗುವುದಿಲ್ಲ. ಟ್ಯೂಬಿನ ಎರಡೂ ತುದಿ ಮುಚ್ಚಬಹುದು, ಆದರೆ ಮುಚ್ಚಿದಷ್ಟು ತಂಪು ಕಡಿಮೆ. ಹೊಸದೇ ತರಬೇಕೆಂದು ಮೇಸ್ತ್ರಿ ತೀರ್ಮಾನಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಹೋಯಿತು. ಬೇಸಿಗೆಯಲ್ಲಿ ದುಡಿಯಬೇಕಾದ ಯಂತ್ರಕ್ಕೆ ಅದೇ ಸರಿ ಎಂದು ನನಗೂ ಅನಿಸಿತು.

ಆದರೆ ಅವರು ಹೆಚ್ಚು ಹೊತ್ತು ಬಗ್ಗಿ ನೋಡಿದ್ದು ಕೂಲರ್ ಕೂರುವ ಜಾಗವನ್ನು. ನಾಲ್ಕು ರಬ್ಬರ್ ಬುಷ್‌ಗಳಲ್ಲಿ ಎರಡು ಸವೆದು, ಲೋಹಕ್ಕೆ ಲೋಹ ತಾಗುತ್ತಿತ್ತು. ಎಂಜಿನ್ನಿನ ನಡುಕವೆಲ್ಲ ನೇರ ಬೆಸುಗೆಗೆ. ಇನ್ನೊಂದು ಕಾರಣವನ್ನೂ ಹೇಳಿದರು: ನಂದಿ ಬೆಟ್ಟದ ಸುತ್ತಿನ ಚಳಿಗಾಲದ ಬೆಳಗ್ಗೆ ಎಣ್ಣೆ ಗಟ್ಟಿಯಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಟ್ಟರೆ ಕೂಲರ್ ಮೇಲೆ ಒತ್ತಡ ಏರುತ್ತದೆ. ಈ ಯಂತ್ರದಲ್ಲಿ ಯಾವುದು ಎಷ್ಟು ಕೆಲಸ ಮಾಡಿತೋ ನಾನು ಹೇಳಲಾರೆ. ಬುಷ್ ಬದಲಿಸದೆ ಹೊಸ ಕೂಲರ್ ಕೂರಿಸಿದರೆ ದುಡ್ಡು ಮಣ್ಣುಪಾಲು ಎಂಬುದಂತೂ ಕಣ್ಣಿಗೆ ಕಾಣುತ್ತಿತ್ತು.

ಹೊಸ ಕೂಲರ್ ಬಂದಮೇಲೆ ಹೊಸ ಬುಷ್, ಹೊಸ ಓ ರಿಂಗ್, ಹೊಸ ರಿಟರ್ನ್ ಫಿಲ್ಟರ್. ಎಣ್ಣೆ ತುಂಬಿ, ಐಡಲ್‌ನಲ್ಲೇ ಓಡಿಸಿ, ಬೂಮನ್ನು ಮೆಲ್ಲಗೆ ಮಡಚಿ ಬಿಚ್ಚಿ ಒಳಗಿನ ಗಾಳಿ ಹೊರಹಾಕಿದರು. ಲೆವೆಲ್ ಇಳಿಯಿತು, ಮತ್ತೆ ತುಂಬಿದರು. ಜಾಯಿಂಟುಗಳ ಕೆಳಗೆ ಹಳೆ ಪೇಪರ್ ಹಾಸಿದ್ದರು. ಎಣ್ಣೆ ಕಾದ ಮೇಲೂ ಪೇಪರ್ ಒಣಗಿಯೇ ಇತ್ತು.

"ಗಾಳಿ ಯಾವಾಗ ಹೊಡೀಬೇಕು ಮೇಸ್ತ್ರಿ?" ಆಪರೇಟರ್ ಕೇಳಿದ.

"ಕ್ರಷರಲ್ಲಿದ್ರೆ ದಿನಾ ಸಂಜೆ. ಫ್ಯಾನ್ ಕಡೆಯಿಂದ ಹೊರಕ್ಕೆ ಹೊಡಿ, ಮುಂದೆಯಿಂದ ಹೊಡುದ್ರೆ ಧೂಳು ಒಳಗೇ ಕೂರುತ್ತೆ. ಪ್ರೆಷರ್ ನೀರು ಹತ್ತಿರ ಹಿಡೀಬೇಡ, ಫಿನ್ನು ಮಡಚ್ಕೊಳುತ್ತೆ."

ಆತ ತಲೆಯಾಡಿಸಿ ಕ್ಯಾಬಿನ್ ಹತ್ತಿದ.