ಪಿಕಪ್ ಮೇಲಿನ ಮಡಚು ಮನೆ

ಶ್ರೋತೃಗಳೇ, ನಮ್ಮ ಕಮಾನು ಬಂಡಿ ನೆನಪಿದೆಯಲ್ಲ? ಅಮೆರಿಕದಲ್ಲಿ ಪಿಕಪ್ ಗಾಡಿಯ ಹಿಂದೆ ಹಾಗೆಯೇ ಒಂದು ಪುಟ್ಟ ಮನೆ ಕೂರಿಸುತ್ತಾರೆ. ಓಡುವಾಗ ಅದರ ಚಾವಣಿ ತಗ್ಗಿಸಿ, ತಂಗುವಾಗ ಎತ್ತುತ್ತಾರೆ. ಮಲಗುವ ಅಟ್ಟ ಮಾತ್ರ ಚಾಲಕನ ಕ್ಯಾಬಿನ್ ಮೇಲೆ ಚಾಚಿರುತ್ತದೆ.

ಅಲ್ಲಿರುವ ನಿಮ್ಮ ಮಗನೋ ಅಳಿಯನೋ ಇಂಥದ್ದನ್ನು ಕೊಳ್ಳುವುದಾದರೆ ಮೊದಲು ಎರಡು ಅಳತೆ ತೆಗೆಯಲು ಹೇಳಿ: ಮನೆಯ ತಳದಿಂದ ಅಟ್ಟದ ಅಡಿಯವರೆಗೆ, ಗಾಡಿಯ ತೊಟ್ಟಿಯ ತಳದಿಂದ ಕ್ಯಾಬಿನ್ ನೆತ್ತಿಯವರೆಗೆ. ಅದು 44 ಅಂಗುಲ, ಇದು 40 ಆದರೆ ಸಂದು 4 ಅಂಗುಲ. ಲೆಜರ್ ಬರೆದು ಸವೆದ ನನಗೆ ಈ ಕಳೆಯುವ ಲೆಕ್ಕ ಸಲೀಸು. ಆದರೆ ನಿಂತ ಗಾಡಿಯ ಸಂದನ್ನು ಪೂರ್ತಿ ನಂಬಬಾರದು. ಕ್ಯಾಬಿನ್ನೂ ತೊಟ್ಟಿಯೂ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕೂತಿರುತ್ತವೆ. ಗುಂಡಿಗೆ ಇಳಿದಾಗ ಒಂದೊಂದು ಒಂದೊಂದು ಕಡೆ ವಾಲುತ್ತದೆ. ಸಂದು ಕಿರಿದಾದರೆ ಅಟ್ಟ ಕ್ಯಾಬಿನ್ನಿಗೆ ಬಡಿದೀತು.

ಸಾಲದಿದ್ದರೆ ಮನೆಯಡಿ ಪ್ಲೈವುಡ್ ಹಾಸಿ ಎತ್ತರಿಸಬಹುದು. ಎತ್ತರಿಸಿದಷ್ಟೂ ತಿರುವಿನಲ್ಲಿ ಗಾಡಿ ತೂಗಾಡುತ್ತದೆ, ಬೇಕಾದಷ್ಟೇ ಹಾಸಲಿ.