ಮರೆತ ಕಿಟಕಿಗೆ ಮರಳಿ ಪಾಠ

ಮೋಟಾರು ಗಾಡಿಯು ಈಗ ಕೇವಲ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಊರುಗಳ ಸಾಧಾರಣ ಗೃಹಸ್ಥರ ಮನೆಯ ಮುಂದೆಯೂ ಅದು ನಿಂತಿರುವುದನ್ನು ಕಾಣುತ್ತೇವೆ. ಹುಲಿಗೆಮ್ಮನ ದರ್ಶನಕ್ಕೂ, ಅಂಜನಾದ್ರಿಗೂ, ಗವಿಮಠದ ಜಾತ್ರೆಗೂ ಮಕ್ಕಳುಮರಿಗಳೊಡನೆ ಅದರಲ್ಲಿಯೇ ಹೋಗಿಬರುವುದು ವಾಡಿಕೆಯಾಗಿದೆ. ಆದರೆ ನಮ್ಮ ಸೀಮೆಯ ಬಿಸಿಲು ಗಾಡಿಯ ಬ್ಯಾಟರಿಗೆ ಹಿತವಾದುದಲ್ಲ. ಬೇಸಗೆಯಲ್ಲಿ ಉಷ್ಣವು ೪೦ ಡಿಗ್ರಿಯನ್ನು ಮುಟ್ಟುವ ಕಡೆ ಅದರ ಆಯುಸ್ಸು ಬೇಗನೆ ಕ್ಷೀಣಿಸುವುದು. ಆಗ ಹಳೆಯದನ್ನು ಕಳಚಿ ಹೊಸದನ್ನು ಜೋಡಿಸುವರು. ಗಾಡಿಯು ಚಾಲೂ ಆಯಿತೆಂದರೆ ಯಜಮಾನನು ನಿಶ್ಚಿಂತನಾಗುವನು. ಆದರೂ ಒಂದು ಕೆಲಸವು ಉಳಿದಿರುವುದುಂಟು. ಅದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಗುಂಡಿಯನ್ನು ಒಮ್ಮೆ ಎಳೆದುಬಿಟ್ಟರೆ ತಾನಾಗಿಯೇ ಮೇಲೇರಿ ಮುಚ್ಚಿಕೊಳ್ಳುತ್ತಿದ್ದ ಕಿಟಕಿಯ ಗಾಜು, ಬ್ಯಾಟರಿಯನ್ನು ಬದಲಿಸಿದ ಮೇಲೆ ಕೆಲವು ಗಾಡಿಗಳಲ್ಲಿ ನಡುವೆಯೇ ನಿಲ್ಲುವುದು. ಇಲ್ಲವೆ ಮುಚ್ಚಿದೊಡನೆ ಮರಳಿ ಕೆಳಗಿಳಿಯುವುದು. ಯಂತ್ರವು ಕೆಟ್ಟಿತೆಂದು ಜನರು ಚಿಂತಿಸುವರು. ವಾಸ್ತವವಾಗಿ ಅದು ಕೆಟ್ಟಿಲ್ಲ, ಮರೆತಿದೆ.

ಇದರ ಕಾರಣವನ್ನು ವಿಚಾರಿಸೋಣ. ಬಾಗಿಲಿನ ಒಳಗೆ ಗಾಜನ್ನು ಏರಿಸಿ ಇಳಿಸುವ ಸಣ್ಣ ವಿದ್ಯುತ್ ಮೋಟಾರು ಇರುವುದು. ಅದರ ಸುತ್ತುಗಳನ್ನು ಎಣಿಸಿ, ಗಾಜು ಈಗ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಿಯಂತ್ರಕವು ತಿಳಿಯುವುದು. ಏರುತ್ತಿರುವ ಗಾಜಿಗೆ ಮಗುವಿನ ಕೈ ಅಡ್ಡ ಬಂದರೆ ಮೋಟಾರಿನ ವೇಗವು ತಗ್ಗುವುದು. ಕೂಡಲೆ ನಿಯಂತ್ರಕವು ಗಾಜನ್ನು ಕೆಳಗಿಳಿಸುವುದು. ಆದರೆ ಗಾಜು ಮೇಲಿನ ಚೌಕಟ್ಟನ್ನು ಮುಟ್ಟಿದಾಗಲೂ ವೇಗವು ಹಾಗೆಯೇ ತಗ್ಗುವುದಷ್ಟೆ? ತಗ್ಗಿಸಿದ್ದು ಕೈಯೋ ಚೌಕಟ್ಟೋ ಎಂಬ ವಿವೇಕಕ್ಕೆ ಆ ಎಣಿಕೆಯೊಂದೇ ಆಧಾರ. ಗವಿಮಠದ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನವು ೨,೨೦೦ ವರ್ಷಗಳಿಗೂ ಮಿಕ್ಕಿ ಅಳಿಯದೆ ನಿಂತಿದೆ. ಈ ಯಂತ್ರದ ಸ್ಮೃತಿಯಾದರೋ ಅನೇಕ ಗಾಡಿಗಳಲ್ಲಿ ವಿದ್ಯುತ್ತು ಇರುವ ತನಕ ಮಾತ್ರ. ಬ್ಯಾಟರಿ ಕಳಚಿತೆಂದರೆ ಎಣಿಕೆ ಅಳಿಯುವುದು. ಎಣಿಕೆಯೊಡನೆ ಮಗುವಿನ ಕೈಗಿದ್ದ ಕಾವಲೂ ತಪ್ಪುವುದು. ಆದುದರಿಂದ ಇದು ಬರಿಯ ಸೌಕರ್ಯದ ಮಾತಲ್ಲ.

ಈ ಕಾವಲಿನ ಬೆಲೆಯೆಷ್ಟೆಂಬುದನ್ನು ಒಂದು ಅಳತೆಯಿಂದ ತಿಳಿಯಬಹುದು. ತಾನಾಗಿ ಮುಚ್ಚುವ ಕಿಟಕಿಯು ಅಡ್ಡ ಬಂದ ವಸ್ತುವನ್ನು ೧೦೦ ನ್ಯೂಟನ್, ಎಂದರೆ ಸುಮಾರು ೧೦ ಕಿಲೋ ಭಾರಕ್ಕಿಂತ ಹೆಚ್ಚಾಗಿ ಒತ್ತುವ ಮೊದಲೇ ಹಿಂದಿರುಗತಕ್ಕದ್ದೆಂದು ಅಮೆರಿಕ ಮತ್ತು ಯುರೋಪಿನ ನಿಯಮಗಳು ವಿಧಿಸುತ್ತವೆ. ಕಾವಲಿಲ್ಲದ ಗಾಜಿಗೆ ಇಂತಹ ಮಿತಿಯಿಲ್ಲ. ಹೊರಗೆ ತಲೆ ಚಾಚಿದ ಕೂಸಿನ ಕೊರಳು ಅದರಲ್ಲಿ ಸಿಕ್ಕಿದರೆ ಆಗುವ ಅನರ್ಥವನ್ನು ಬರೆದು ಹೇಳಬೇಕಾಗಿಲ್ಲ.

ಪರಿಹಾರವು ಬಹು ಸುಲಭವಾದುದು. ಮೊದಲು ಮಕ್ಕಳನ್ನು ಗಾಡಿಯಿಂದ ಇಳಿಸಿ ದೂರ ನಿಲ್ಲಿಸತಕ್ಕದ್ದು. ಏಕೆಂದರೆ ಪಾಠ ಕಲಿಸುವ ಹೊತ್ತಿನಲ್ಲಿ ಕಾವಲು ಇರುವುದಿಲ್ಲ. ಬಳಿಕ ಬಾಗಿಲುಗಳನ್ನು ಮುಚ್ಚಿ ಚಾವಿಯನ್ನು ತಿರುಗಿಸಿ ವಿದ್ಯುತ್ತನ್ನು ಬರಮಾಡಬೇಕು. ಗಾಜನ್ನು ಪೂರ್ತಿಯಾಗಿ ಕೆಳಗಿಳಿಸಿ, ಅನಂತರ ಗುಂಡಿಯನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಗಾಜು ಪೂರ್ಣವಾಗಿ ಮುಚ್ಚಿದ ಮೇಲೂ ಕೈಬಿಡದೆ ಕೆಲವು ಸೆಕೆಂಡು ಹಿಡಿದಿರಬೇಕು. ಇಷ್ಟರಿಂದಲೇ ಅನೇಕ ಗಾಡಿಗಳಲ್ಲಿ ನಿಯಂತ್ರಕವು ಕೊನೆಯ ಮೇರೆಯನ್ನು ಮತ್ತೆ ಕಲಿತುಕೊಳ್ಳುವುದು. ತಾನಾಗಿ ಮುಚ್ಚುವ ಪ್ರತಿಯೊಂದು ಕಿಟಕಿಗೂ ಬೇರೆ ಬೇರೆಯಾಗಿ ಹೀಗೆ ಮಾಡತಕ್ಕದ್ದು. ಹಿಡಿಯುವ ಕಾಲವೂ ಕ್ರಮವೂ ಗಾಡಿಯಿಂದ ಗಾಡಿಗೆ ಭಿನ್ನವಾದುದರಿಂದ, ಗಾಡಿಯೊಡನೆ ಕೊಟ್ಟಿರುವ ಕೈಪಿಡಿಯ ಮಾತೇ ಪ್ರಮಾಣ.

ಕಲಿಸಿದ ಮೇಲೆ ಪರೀಕ್ಷಿಸದೆ ಬಿಡಬಾರದು. ಹಳೆಯ ವೃತ್ತಪತ್ರಿಕೆಯನ್ನು ದಪ್ಪನಾಗಿ ಸುರುಳಿ ಸುತ್ತಿ ಕಿಟಕಿಯಲ್ಲಿಟ್ಟು, ಗುಂಡಿಯನ್ನು ಒಮ್ಮೆ ಎಳೆದುಬಿಟ್ಟು ಗಾಜು ತಾನಾಗಿ ಏರುವಂತೆ ಮಾಡಿರಿ. ಸುರುಳಿಯನ್ನು ಮುಟ್ಟಿ ಗಾಜು ಹಿಂದಿರುಗಿದರೆ ಪಾಠವು ನಾಟಿತೆಂದು ತಿಳಿಯಬಹುದು. ಕೈಯನ್ನಾಗಲಿ ಬೆರಳನ್ನಾಗಲಿ ಎಂದಿಗೂ ಇಟ್ಟು ನೋಡಕೂಡದು.

ಇನ್ನೆರಡು ಮಾತುಗಳನ್ನು ಮರೆಯಬಾರದು. ನಮ್ಮ ದೇಶದ ಅನೇಕ ಗಾಡಿಗಳಲ್ಲಿ ಈ ಕಾವಲು ಚಾಲಕನ ಕಿಟಕಿಗೆ ಮಾತ್ರ ಇರುವುದು. ಮಕ್ಕಳು ಕುಳಿತುಕೊಳ್ಳುವ ಹಿಂದಿನ ಕಿಟಕಿಗಳಿಗೆ ಮೊದಲಿನಿಂದಲೂ ಇಲ್ಲ. ಅವುಗಳಿಗೆ ಕಲಿಸತಕ್ಕ ಪಾಠವೇ ಇಲ್ಲ. ಅಲ್ಲಿ ಹಿರಿಯರ ಕಣ್ಣೂ, ಹಿಂದಿನ ಕಿಟಕಿಗಳನ್ನು ತಡೆಹಿಡಿಯುವ ಚಾಲಕನ ಬಳಿಯ ಗುಂಡಿಯೂ ಕಾವಲಾಗಬೇಕು. ಎರಡನೆಯದಾಗಿ, ಕಾವಲಿರುವ ಕಿಟಕಿಯೂ ಮುಚ್ಚುವ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ತಡೆಯನ್ನು ಗಣಿಸದು. ಎಳೆಯ ಬೆರಳಿಗೆ ಆ ಸಂದು ಸಾಕು. ಗುಂಡಿಯನ್ನು ಎಳೆಯುವ ಮೊದಲು ಒಮ್ಮೆ ಹಿಂದಿರುಗಿ ನೋಡುವ ಅಭ್ಯಾಸವು ಎಲ್ಲ ಯಂತ್ರಗಳಿಗಿಂತ ಮೇಲು.