ಊರಿನ ವೈಭವ ಅಳಿದರೂ ಉಳಿದ ವರಾಹ

ಸಾಗರದ ಸಮೀಪದ ಇಕ್ಕೇರಿಗೆ ಹೋದವರು ಅಘೋರೇಶ್ವರ ದೇವಾಲಯವನ್ನು ಕಂಡು ಮರಳುತ್ತಾರೆ. ಒಂದು ಕಾಲದ ಆ ರಾಜಧಾನಿಯಲ್ಲಿ ಇಂದು ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಅದೊಂದೇ. ಆದರೆ ಊರು ಇನ್ನೊಂದು ಸ್ಮಾರಕವನ್ನೂ ಬಿಟ್ಟುಹೋಗಿದೆ. ಅದರ ತೂಕ ಸುಮಾರು 3.4 ಗ್ರಾಂ, ಹೆಸರು ಇಕ್ಕೇರಿ ವರಾಹ.

ಈ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಶಿವ-ಪಾರ್ವತಿಯರು ಆಸೀನರಾಗಿದ್ದಾರೆ. ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ 'ಶ್ರೀ ಸದಾಶಿವ' ಇದೆ. ಆತ ಕೆಳದಿಯ ಸದಾಶಿವ ನಾಯಕ. ಉಮಾಮಹೇಶ್ವರರ ಈ ಮಾದರಿ ವಿಜಯನಗರದ ಬಳುವಳಿ. 1639ರ ಸುಮಾರಿಗೆ ರಾಜಧಾನಿ ಬಿದನೂರಿಗೆ ಸ್ಥಳಾಂತರಗೊಂಡಿತು. ಟಂಕಸಾಲೆಯೂ ಹೋಯಿತು. ಆದರೂ ನಾಣ್ಯ ಮಾತ್ರ ಇಕ್ಕೇರಿ ವರಾಹವಾಗಿಯೇ ಉಳಿಯಿತು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಊರಿನ ಹೆಸರನ್ನೇ ಬದಲಿಸಿದವನು ನಾಣ್ಯದ ಮೇಲಿನ ಶಿವ-ಪಾರ್ವತಿಯರನ್ನು ಕದಲಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಒತ್ತಿಸಿದ. ಅದೇ ಬಹಾದ್ದೂರಿ ವರಾಹ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ದಂಪತಿಗಳಿದ್ದಾರೆ. ಬದಲಾದದ್ದು ಹಿಂಬದಿಯ ಹೆಸರು ಮಾತ್ರ.

ಇದನ್ನು ಕೇವಲ ಧಾರ್ಮಿಕ ಔದಾರ್ಯವೆಂದು ಕೊಂಡಾಡುವುದು ಸುಲಭ. ನನಗೆ ಇದರಲ್ಲಿ ವ್ಯವಹಾರದ ವಿವೇಕವೂ ಕಾಣುತ್ತದೆ. ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರಿ ನಾಣ್ಯವನ್ನು ಸ್ವೀಕರಿಸುವುದು ಅದರ ಪರಿಚಿತ ಮುಖ ಮತ್ತು ತೂಕದ ಮೇಲಿನ ನಂಬಿಕೆಯಿಂದ. ಆ ನಂಬಿಕೆಯನ್ನು ಕೆಡಿಸಿ ಯಾವ ಅರಸನೂ ಕಂದಾಯ ಎತ್ತಲಾರ. ನಾವು ದಿನವೂ ಆಡುವ 'ಹಣ' ಎಂಬ ಮಾತು ಕೂಡ ಮೈಸೂರಿನ ಕಂಠೀರಾಯಿ ಲೆಕ್ಕದಲ್ಲಿ ವರಾಹದ ಹತ್ತನೆಯ ಒಂದು ಭಾಗವಾಗಿದ್ದ ಪುಟ್ಟ ಚಿನ್ನದ ನಾಣ್ಯದ ಹೆಸರು. ನಾಣ್ಯ ಹೋಯಿತು, ಮಾತು ಉಳಿಯಿತು.

ಇಂಥ ನಾಣ್ಯಗಳ ಶತ್ರು ಕಾಲವಲ್ಲ, ಅಕ್ಕಸಾಲಿಗನ ಮೂಸೆ. ಅಜ್ಜಿಯ ಸರದಲ್ಲಿದ್ದ ವರಾಹ ಮೊಮ್ಮಗಳ ಮದುವೆಗೆ ಬಳೆಯಾಗುವಾಗ ಚಿನ್ನವೇನೋ ಉಳಿಯುತ್ತದೆ, ಚರಿತ್ರೆ ಕರಗಿಹೋಗುತ್ತದೆ. ಮನೆಯ ಒಡವೆಯನ್ನು ಏನು ಮಾಡಬೇಕೆಂಬುದು ಮನೆಯವರ ಹಕ್ಕು, ಒಪ್ಪೋಣ. ಆದರೆ ಕರಗಿಸುವ ಮುನ್ನ ಎರಡೂ ಬದಿಯ ಚಿತ್ರ ತೆಗೆದು, ತೂಗಿ, ಅದು ಯಾವ ಊರಿನಿಂದ ಬಂತೆಂದು ಬರೆದಿಡಲು ಖರ್ಚೇನಿಲ್ಲ. ಹೊಲದಲ್ಲಿ ಸಿಕ್ಕ ನಿಧಿಯಾದರೆ ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಟ್ಟಳೆ. ಸಿಕ್ಕ ಜಾಗದ ನೆನಪು ಅಳಿಸಿಹೋದ ನಾಣ್ಯ ಅರ್ಧ ಮೂಕ. ಅದು ಅರಸನ ಹೆಸರು ಹೇಳೀತು, ಬಳಸಿದ ಜನರ ಕಥೆ ಹೇಳದು.

ನಮ್ಮ ತಾಲ್ಲೂಕುಗಳ ಇತಿಹಾಸದಲ್ಲಿ ಅರಸರ ವಂಶಾವಳಿಗೆ ಕೊರತೆಯಿಲ್ಲ. ಸಂತೆಯಲ್ಲಿ ಕೊಟ್ಟವರ, ಕೊಂಡವರ ಪುಟಗಳು ಮಾತ್ರ ಇನ್ನೂ ಖಾಲಿ. ಆ ಪುಟಗಳು ನಮ್ಮ ಪೆಟ್ಟಿಗೆಗಳಲ್ಲೇ ಇರಬಹುದು.